ಐದು ಗಂಟೆಯ ಬಸ್ಸಿಗೆ ಕಾಯುತ್ತಿದ್ದ ಕೂಸು

(ಶಿರಸಿಯಲ್ಲಿ ಮಹಿಳೆಯರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಹೇಳಲು ಮರೆತ ಒಂದೆರಡು ವಿಷಯ ಆಮೇಲೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೆತ್ತವರಿಗೆ ಸದ್ಯಕ್ಕೆ ನೋಡಿಕೊಳ್ಳಲು ಆಗದ, ಹೆಚ್ಚು ಆರೈಕೆ ಬೇಕಾದ ಮಕ್ಕಳನ್ನು ನಾನೂ ನಮ್ಮನೆಯವರೂ ಮನೆಯಲ್ಲಿಟ್ಟು ಸಾಕುತ್ತೇವೆ. ನನ್ನ ಪರಿಚಯ ಮಾಡಿಕೊಟ್ಟವರು ಅದಕ್ಕೇ ‘ದೊಡ್ಡ ಪುಣ್ಯದ ಕೆಲಸ ಮಾಡ್ತಿದ್ದಾರೆ’ ಅಂದರು. ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೆ ಆ ಪದ ಕೇಳಿದಾಗಲೆಲ್ಲ ನನಗೆ ಒಂಥರಾ ಆಗುತ್ತದೆ. ಪುಣ್ಯ ಅಂದರೆ ಎಲ್ಲೋ ಮುಂದಿನ ಜನ್ಮಕ್ಕೆ ಜಮಾ ಆಗುವಂಥದ್ದು, ಅಲ್ವಾ? ನಮಗೆ ಸಿಕ್ಕಿದ್ದೆಲ್ಲ ಈ ಜನ್ಮದ್ದೇ. ನಮ್ಮ ಜಗಲಿಯ ಮೇಲೆ, ನಮ್ಮ ಅಡುಗೆಮನೆಯಲ್ಲಿ ಸಿಕ್ಕಿದ್ದು. ಇದರಿಂದ ನಿಮಗೆ ಸಿಗುವುದು ಏನು ಅಂತ ನಿಮ್ಮಲ್ಲಿ ಕೆಲವರು ಕೇಳಿದಿರಿ. ಇವತ್ತು ಅದನ್ನೇ ಹೇಳಲು ಬಂದಿದ್ದೇನೆ.

ಮಕ್ಕಳ ಹೆಸರು ಹೇಳುವುದಿಲ್ಲ, ಫೋಟೋ ತೋರಿಸುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಬಿಟ್ಟುಕೊಡುವ ಹಾಗಿಲ್ಲ. ಕಾನೂನು ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ನಾಳೆ ಅವರು ದೊಡ್ಡವರಾಗಿ ಇದೇ ಪೇಟೆಯಲ್ಲಿ ಓಡಾಡಬೇಕು. ಹಾಗಾಗಿ ನಮ್ಮ ಮನೆಗಳಲ್ಲಿ ಕರೆಯುವ ಹಾಗೆ ಹೆಣ್ಣು ಮಗುವಿಗೆ ಕೂಸು ಅನ್ನುತ್ತೇನೆ, ಗಂಡು ಮಗುವಿಗೆ ಮಾಣಿ ಅನ್ನುತ್ತೇನೆ.

ನಾನು ನರ್ಸ್ ಅಲ್ಲ. ವೈದ್ಯಕೀಯ ಏನೂ ಓದಿದವಳಲ್ಲ. ನಮ್ಮನೆಯವರು ಬಸ್ ಡ್ರೈವರ್ ಆಗಿದ್ದವರು. ಬೆನ್ನುನೋವು ಜಾಸ್ತಿಯಾಗಿ ಸ್ವಯಂ ನಿವೃತ್ತಿ ತಗೊಂಡರು. ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ, ಒಂದಿಷ್ಟು ಅಡಿಕೆ ತೋಟ. ಮಗಳು ಓದಿ ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ಪೋಷಕತ್ವ ಅಂತ ಒಂದು ವ್ಯವಸ್ಥೆ ಇದೆ ಎಂದು ಪರಿಚಯದ ಅಂಗನವಾಡಿ ಟೀಚರ್ ಹೇಳಿದಾಗ ಮೊದಲು ಅದು ದತ್ತು ಅಂತಲೇ ತಿಳಿದಿದ್ದೆ.

ದತ್ತು ಅಲ್ಲ. ದತ್ತಿನಲ್ಲಿ ಮಗು ಕಾನೂನಿನ ಪ್ರಕಾರ ಪೂರ್ತಿ ನಮ್ಮದಾಗುತ್ತದೆ. ಪೋಷಕತ್ವದಲ್ಲಿ ಮಗುವಿಗೆ ಅದರದ್ದೇ ಅಪ್ಪ ಅಮ್ಮ ಇರಬಹುದು. ಅವರಿಗೆ ಸದ್ಯಕ್ಕೆ ನೋಡಿಕೊಳ್ಳಲು ಆಗುತ್ತಿಲ್ಲ, ಅಷ್ಟೇ. ಮಗು ಸಂಸ್ಥೆಯಲ್ಲಿ ಬೆಳೆಯುವ ಬದಲು ಒಂದು ಮನೆಯಲ್ಲಿ ಬೆಳೆಯಲಿ ಎಂದು ಮಕ್ಕಳ ಕಲ್ಯಾಣ ಸಮಿತಿ ನಮ್ಮ ಕೈಗೆ ಒಪ್ಪಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್‌ನಲ್ಲಿ ಇದೆಲ್ಲ ಇದೆ. ಮನೆಯ ಪರಿಸ್ಥಿತಿ ಸುಧಾರಿಸಿದರೆ ಮಗು ವಾಪಸ್ ಹೋಗಬೇಕು. ಹೋಗಲೇಬೇಕು. ಈ ಮಾತು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು.

2021ರ ಮಳೆಗಾಲದಲ್ಲಿ ಕೂಸು ಬಂತು. ಏಳು ವರ್ಷ, ತೂಕ ಹತ್ತು ಕೆಜಿ. ಸೆರೆಬ್ರಲ್ ಪಾಲ್ಸಿ. ಅಂದರೆ ಹುಟ್ಟುವ ಮೊದಲೋ ಹುಟ್ಟುವಾಗಲೋ ಹುಟ್ಟಿದ ಹೊಸತರಲ್ಲೋ ಎಳೆಯ ಮಿದುಳಿಗೆ ಪೆಟ್ಟು ಬಿದ್ದು, ಸ್ನಾಯುಗಳು ಹೇಳಿದ ಮಾತು ಕೇಳದಿರುವುದು. ಕೂರಲು ಆಗುತ್ತಿರಲಿಲ್ಲ. ಮಾತಿಲ್ಲ. ಜೊತೆಗೆ ಫಿಟ್ಸ್. ನುಂಗಿದ್ದು ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಅದರಿಂದ ಮತ್ತೆ ಮತ್ತೆ ನ್ಯುಮೋನಿಯಾ. ಹಾಗಾಗಿ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಟ್ಯೂಬು ಇಟ್ಟಿದ್ದರು. ಊಟ, ನೀರು, ಔಷಧಿ ಎಲ್ಲ ಅದರಲ್ಲೇ.

ಅವಳ ಅಮ್ಮ ಅಂಕೋಲಾ ಕಡೆಯವಳು. ಗಂಡ ತೀರಿಹೋಗಿದ್ದ. ಮೀನು ಒಣಗಿಸುವ ಕೂಲಿ. ಮನೆಯಲ್ಲಿ ಇನ್ನೂ ಇಬ್ಬರು ಮಕ್ಕಳು. ಕೆಲಸಕ್ಕೆ ಹೋದರೆ ಈ ಮಗು ನೋಡುವವರಿಲ್ಲ, ಹೋಗದಿದ್ದರೆ ಮೂವರಿಗೂ ಊಟವಿಲ್ಲ. ‘ತಾಯಿ ಬಿಟ್ಟ ಮಗು’ ಅಂತ ಯಾರೋ ನನ್ನ ಮುಂದೆ ಅಂದರು. ಬಿಟ್ಟದ್ದಲ್ಲ. ಕೈಸೋತದ್ದು. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಮನೆಗೆ ಕರೆತರುವ ಮೊದಲು ಹುಬ್ಬಳ್ಳಿಯ ಆಸ್ಪತ್ರೆಯ ವಾರ್ಡಿನಲ್ಲಿ ಒಂಬತ್ತು ದಿನ ಅವಳ ಮಂಚದ ಪಕ್ಕ ಇದ್ದೆ. ಅಲ್ಲಿನ ನರ್ಸಮ್ಮ ಒಬ್ಬರು ಕಲಿಸಿದರು. ಮೊದಲ ದಿನ ನೋಡು, ಎರಡನೇ ದಿನ ಜೊತೆಗೆ ಮಾಡು, ಮೂರನೇ ದಿನ ನೀನು ಮಾಡು ನಾನು ನೋಡ್ತೇನೆ. ಹಾಗೆ. 60 ಎಂಎಲ್ ಸಿರಿಂಜಿನ ಒಳಗಿನ ದಂಡ ತೆಗೆದು ಟ್ಯೂಬಿಗೆ ಸಿಕ್ಕಿಸಬೇಕು. ಮೊದಲು ಸ್ವಲ್ಪ ಕುದಿಸಿ ಆರಿಸಿದ ನೀರು. ಆಮೇಲೆ ಆಹಾರ. ಮತ್ತೆ ನೀರು. ಒತ್ತಬಾರದು, ತನ್ನಷ್ಟಕ್ಕೆ ಇಳಿಯಬೇಕು. ಸಿರಿಂಜು ಎತ್ತರಕ್ಕೆ ಹಿಡಿದರೆ ಬೇಗ ಇಳಿಯುತ್ತದೆ, ತಗ್ಗಿಸಿದರೆ ನಿಧಾನ. ನಿಮ್ಮ ಕೈಯ ಎತ್ತರವೇ ಅಲ್ಲಿ ನಲ್ಲಿ. ಊಟವಾದ ಮೇಲೆ ಅರ್ಧ ಗಂಟೆಯಾದರೂ ತಲೆ ಎತ್ತರದಲ್ಲೇ ಇರಬೇಕು. ಔಷಧಿಗಳನ್ನು ಒಂದಕ್ಕೊಂದು ಬೆರೆಸುವ ಹಾಗಿಲ್ಲ, ಒಂದಾದ ಮೇಲೆ ಒಂದು, ನಡುವೆ ನೀರು.

ಮೊದಲ ವಾರ ನನ್ನ ಕೈ ನಡುಗುತ್ತಿತ್ತು. ಎರಡನೇ ತಿಂಗಳಿಗೆ ಒಂದು ಕೈಯಲ್ಲಿ ಸಿರಿಂಜು ಹಿಡಿದು ಇನ್ನೊಂದು ಕೈಯಲ್ಲಿ ಅವಳ ಪಾದ ತಿಕ್ಕುತ್ತಾ ಕಥೆ ಹೇಳುತ್ತಿದ್ದೆ. ಮಗುವಿಗೆ ಊಟ ಮಾಡಿಸುವುದು ಅಂದರೆ ಅದೇ ಅಲ್ವಾ? ತುತ್ತು ಬಾಯಿಗೆ ಹೋದರೂ ಹೊಟ್ಟೆಗೆ ನೇರ ಹೋದರೂ ಹತ್ತಿರ ಕೂತು ಮಾತಾಡುವವರು ಒಬ್ಬರು ಬೇಕು.

ಕಷ್ಟ ಇಲ್ಲ ಅಂದರೆ ಸುಳ್ಳಾಗುತ್ತದೆ. ರಾತ್ರಿ ಎರಡು ಸಲ ಏಳಬೇಕು. ಮದುವೆ, ಉಪನಯನಕ್ಕೆ ಇಬ್ಬರೂ ಜೊತೆಗೆ ಹೋಗಿ ಎಷ್ಟೋ ಕಾಲವಾಯಿತು. ತಜ್ಞ ವೈದ್ಯರನ್ನು ಕಾಣಬೇಕೆಂದರೆ ಹುಬ್ಬಳ್ಳಿ, ಹತ್ತಿರ ಹತ್ತಿರ 100 ಕಿಲೋಮೀಟರ್. ಕರಾವಳಿಯವರಿಗೆ ಮಣಿಪಾಲವೋ ಗೋವೆಯೋ. ಈ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಯಾಕೆ ಬೀದಿಗಿಳಿದು ಕೇಳಿದರು ಅನ್ನುವುದು ಫಿಟ್ಸ್ ಬಂದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ರಾತ್ರಿ ಪ್ರಯಾಣ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ರಾತ್ರಿ ಒಂದು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ‘ಇಂಥ ಮಗುನ ಯಾಕೆ ತಂದು ಇಟ್ಕೊಂಡಿದ್ದೀರಿ?’ ಎಂದು ಕೇಳಿದರು. ಮಗು ಅಲ್ಲೇ ಇತ್ತು. ಕಿವಿ ಚೆನ್ನಾಗಿ ಕೇಳುವ ಮಗು. ಆ ಮಾತು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಉರಿಯುತ್ತದೆ.

ಕಿವಿ ಚೆನ್ನಾಗಿ ಕೇಳುತ್ತದೆ ಅಂತ ನಮಗೆ ಗೊತ್ತಾದದ್ದು ಹೇಗೆ? ಅದನ್ನು ಸ್ವಲ್ಪ ಹೇಳಬೇಕು.

ನಮ್ಮ ದಣಪೆಯ, ಅಂದರೆ ಬೇಲಿಯ ಬಾಗಿಲಿನ, ಮುಂದಿನ ರಸ್ತೆಯಲ್ಲಿ ಸಂಜೆ ಐದಕ್ಕೆ ಒಂದು ಬಸ್ಸು ಹೋಗುತ್ತದೆ. ದಿನಾ ಆ ಹೊತ್ತಿಗೆ ಕೂಸನ್ನು ಜಗಲಿಯಲ್ಲಿ ಒರಗಿಸಿ ಕೂರಿಸುತ್ತಿದ್ದೆವು. ನಮ್ಮನೆಯವರೇ ಮೊದಲು ಗಮನಿಸಿದ್ದು. ಬಸ್ಸಿನ ಸದ್ದು ನಮಗೆ ಕೇಳುವ ಮೊದಲೇ ಅವಳ ಮುಖ ರಸ್ತೆ ಕಡೆ ತಿರುಗುತ್ತಿತ್ತು. ದೂರದ ತಿರುವಿನಲ್ಲಿ ಗೇರು ಬದಲಿಸುವ ಸದ್ದು ಅವಳಿಗೆ ಸಿಗುತ್ತಿತ್ತು. ಡ್ರೈವರ್ ಕಿವಿಗಿಂತ ಚುರುಕು ಎಂದು ಇವರಿಗೆ ಖುಷಿಯೋ ಖುಷಿ. ಮರುದಿನದಿಂದ ಅವಳನ್ನು ಎತ್ತಿಕೊಂಡು ದಣಪೆಯ ಹತ್ತಿರ ನಿಲ್ಲತೊಡಗಿದರು. ಬಸ್ಸಿನ ಡ್ರೈವರ್ ಇವರ ಹಳೆಯ ಸಂಗಾತಿ. ಅವರೂ ಎರಡು ಸಲ ಹಾರ್ನ್ ಹೊಡೆಯತೊಡಗಿದರು. ಕೂಸು ಮೈಯೆಲ್ಲಾ ನೆಟ್ಟಗೆ ಮಾಡಿ ನಗುತ್ತಿತ್ತು.

ಒಂದು ದಿನ ಘಟ್ಟದಲ್ಲಿ ಮರ ಬಿದ್ದು ಬಸ್ಸು ಬರಲಿಲ್ಲ. ಐದಾಯಿತು, ಐದೂಕಾಲು ಆಯಿತು. ಕೂಸು ಇವರ ಮುಖ ನೋಡಿ ಕಣ್ಣನ್ನು ಮೇಲಕ್ಕೆ ಎತ್ತಿತು. ಮತ್ತೆ ಇವರ ಮುಖ ನೋಡಿತು, ಮತ್ತೆ ಕಣ್ಣು ಮೇಲೆ. ‘ಇಂದು ಬಸ್ಸಿಲ್ಲೆ ಕೂಸೆ’ ಅಂದರು ಇವರು. ಆಗ ಕಣ್ಣು ಕೆಳಗೆ ಬಂತು. ಸುಮ್ಮನಾಯಿತು.

ಇವರು ಒಳಗೆ ಬಂದು ‘ಏ, ಇದು ಪ್ರಶ್ನೆ ಕೇಳ್ತಾ ಇದೆ ಕಣೆ’ ಅಂದರು. ಧ್ವನಿ ಒಡೆದಿತ್ತು.

ನಾಲ್ಕು ತಿಂಗಳಿಂದ ಆ ಕಣ್ಣು ಮೇಲೆ ಹೋಗುವುದನ್ನು ನಾವು ನೋಡುತ್ತಲೇ ಇದ್ದೆವು. ಕಾಯಿಲೆಯ ಭಾಗ ಅಂದುಕೊಂಡಿದ್ದೆವು. ಅವಳು ನಾಲ್ಕು ತಿಂಗಳಿಂದ ಮಾತಾಡುತ್ತಿದ್ದಳು. ಆಮೇಲೆ ಅದನ್ನೇ ‘ಹೌದು’ ಅಂತ ಮಾಡಿಕೊಂಡೆವು. ‘ಬೇಡ’ ಅನ್ನಲು ಮುಖ ಎಡಕ್ಕೆ. ಕೆಂಪು ಅಂಗಿಯಾ? ಮುಖ ಎಡಕ್ಕೆ. ಹಳದಿಯಾ? ಕಣ್ಣು ಮೇಲೆ. ಏಳು ವರ್ಷದಲ್ಲಿ ಮೊದಲ ಸಲ ತನ್ನ ಅಂಗಿ ತಾನೇ ಆರಿಸಿಕೊಂಡಳು.

ಸಿಗುವುದು ಏನು ಅಂತ ಕೇಳಿದಿರಲ್ಲ, ನಾನು ಮೊದಲು ಹೇಳುವುದು ಇದನ್ನೇ. ಒಂದು ಮಗುವನ್ನು ಇಷ್ಟು ಹತ್ತಿರದಿಂದ ನೋಡುವುದನ್ನು ನಾನು ಮೊದಲು ಕಲಿತಿರಲೇ ಇಲ್ಲ. ನನ್ನ ಸ್ವಂತ ಮಗಳನ್ನು ಬೆಳೆಸುವಾಗಲೂ ಇಷ್ಟು ನೋಡಿಲ್ಲ. ಅವಳು ಮಾತಾಡುತ್ತಿದ್ದಳು, ಹಾಗಾಗಿ ನಾನು ನೋಡುವುದನ್ನು ಬಿಟ್ಟಿದ್ದೆ. ಈಗ ಯಾರ ಮನೆಗೆ ಹೋದರೂ ಸುಮ್ಮನೆ ಮೂಲೆಯಲ್ಲಿ ಕೂತವರ ಕಡೆ ನನ್ನ ಕಣ್ಣು ಮೊದಲು ಹೋಗುತ್ತದೆ.

ಇವರಿಗೆ ಇನ್ನೊಂದು ಕೆಲಸ ಸಿಕ್ಕಿತು. ಬಸ್ಸಿನ ಟೈಮು ನೋಡಿ ಅಭ್ಯಾಸವಾದ ಮನುಷ್ಯ. ಕೂಸಿಗೆ ಫಿಟ್ಸ್ ಬಂದಾಗಲೆಲ್ಲ ವಾಚು ನೋಡಿ ಬರೆಯತೊಡಗಿದರು. ಯಾವಾಗ ಶುರು, ಎಷ್ಟು ನಿಮಿಷ, ಯಾವ ಕೈ ಮೊದಲು ಎಳೆಯಿತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು. 200 ಪುಟದ ನೋಟ್‌ಬುಕ್. ಆರು ತಿಂಗಳ ಬರಹ ನೋಡಿ ಹುಬ್ಬಳ್ಳಿಯ ಡಾಕ್ಟರು ಖುರ್ಚಿ ಮುಂದೆ ಎಳೆದುಕೊಂಡರು. ನಿದ್ದೆ ಕೆಟ್ಟ ರಾತ್ರಿಯ ಮರುದಿನ ಬೆಳಿಗ್ಗೆಯೇ ಜಾಸ್ತಿ ಬರುತ್ತಿತ್ತು. ಔಷಧಿಯ ಹೊತ್ತು ಬದಲಿಸಿದರು. ರಾತ್ರಿ ಊಟದ ಹೊತ್ತು ಹಿಂದಕ್ಕೆ ತಂದೆವು. ಫಿಟ್ಸ್ ಪೂರ್ತಿ ನಿಲ್ಲಲಿಲ್ಲ, ಆದರೆ ವಾರಕ್ಕೆ ನಾಲ್ಕು ಇದ್ದದ್ದು ತಿಂಗಳಿಗೆ ಎರಡಕ್ಕೆ ಇಳಿಯಿತು. ‘ಈ ಪುಸ್ತಕ ಯಾರು ಬರೆದದ್ದು?’ ಎಂದು ಡಾಕ್ಟರು ಕೇಳಿದಾಗ ಇವರು ಸುಮ್ನೆ ನೆಲ ನೋಡಿದರು. ಕೆಲಸ ಬಿಟ್ಟ ಮೇಲೆ ತಾನು ಯಾರಿಗೂ ಬೇಡದವನು ಅಂದುಕೊಂಡು ಕೂತಿದ್ದವರು ಅವರು. ಆ ದಿನ ಬಸ್ಸಿನಲ್ಲಿ ಮುಂಡಗೋಡು ದಾಟುವವರೆಗೂ ಮಾತಾಡುತ್ತಲೇ ಇದ್ದರು.

ಫಿಟ್ಸ್ ವಿಷಯ ಬಂದ ಕಾರಣ ಇಲ್ಲಿ ಕೂತವರೆಲ್ಲ ಇದನ್ನು ನೆನಪಿಡಿ. ಯಾವ ಮನೆಯಲ್ಲಾದರೂ ಬೇಕಾಗಬಹುದು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ, ಚಮಚವೂ ಬೇಡ, ನೀರೂ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅದು ತುರ್ತು, ಆಸ್ಪತ್ರೆಗೆ ಹೊರಡಬೇಕು. ಮೂಗಿಗೆ ಹೊಡೆಯುವ ಮಿಡಾಜೊಲಾಮ್ ಸ್ಪ್ರೇ ಡಾಕ್ಟರು ಬರೆದುಕೊಟ್ಟಿದ್ದರೆ ಆಗಲೇ ಹೊಡೆಯಬೇಕು. ನಮ್ಮ ನೆರೆಮನೆಯ ಅಜ್ಜಿ ಮೊದಲ ಸಲ ‘ಎಂತಾ ಆತು ಕೂಸಿಗೆ’ ಅಂತ ಕಬ್ಬಿಣದ ಬೀಗದಕೈ ಹಿಡಿದು ಓಡಿ ಬಂದಿದ್ದರು. ಅವರ ಕಾಲದಲ್ಲಿ ಅದೇ ಮದ್ದು. ಪಕ್ಕ ಕೂರಿಸಿಕೊಂಡು ವಿವರಿಸಿದೆ. ಆಮೇಲೆ ಆ ಅಜ್ಜಿಯೇ ಗಡಿಯಾರ ನೋಡುವ ಕೆಲಸ ವಹಿಸಿಕೊಂಡರು. ‘ಒಂದೂವರೆ ಆತು… ಎರಡಾತು…’ ಅಂತ ನಡುಗುವ ಧ್ವನಿಯಲ್ಲಿ ಎಣಿಸುತ್ತಿದ್ದರು. ಮನೆಯಲ್ಲಿ ಒಬ್ಬಳೇ ಇದ್ದಾಗ ಆ ಎಣಿಕೆ ನನಗೆ ಎಷ್ಟು ಧೈರ್ಯ ಕೊಡುತ್ತಿತ್ತು ಅಂತ ಅವರಿಗೆ ಹೇಳಿದ್ದೇನೆ. ಇಲ್ಲಿಯೂ ಹೇಳುತ್ತಿದ್ದೇನೆ.

ಮಿಡಿ ಉಪ್ಪಿನಕಾಯಿ ಹಾಕುವ ಕಾಲ ಬಂತು. ಅಪ್ಪೆಮಿಡಿಯ ತೊಟ್ಟು ಮುರಿದ ತಕ್ಷಣ ಬರುವ ಪರಿಮಳ ನಿಮಗೆ ಗೊತ್ತಲ್ಲ, ಇಡೀ ಮನೆ ತುಂಬುತ್ತದೆ. ಬಾಯಿಂದ ತಿನ್ನಿಸುವ ಹಾಗಿಲ್ಲ. ವಾಸನೆಗೆ ಏನೂ ಅಡ್ಡಿಯಿಲ್ಲವಲ್ಲ ಎಂದು ಒಂದು ಮಿಡಿ ಮುರಿದು ಅವಳ ಮೂಗಿನ ಹತ್ತಿರ ಹಿಡಿದೆ. ಮೂಗು ಅರಳಿತು. ಕಣ್ಣು ಮೇಲೆ. ಮತ್ತೊಂದು ಮುರಿದೆ, ಮತ್ತೆ ಕಣ್ಣು ಮೇಲೆ. ಆವತ್ತು ಅವಳಿಗಾಗಿ ಎಷ್ಟು ಮಿಡಿ ಮುರಿದೆನೋ ಲೆಕ್ಕವಿಲ್ಲ. ಆಮೇಲೆ ದಿನಾ ಅವಳ ಊಟದ ಮೊದಲು ನಾವು ಉಣ್ಣುವ ಅಡುಗೆಯ ವಾಸನೆ ತೋರಿಸುವುದು ರೂಢಿಯಾಯಿತು. ಒಗ್ಗರಣೆಯ ಸೌಟು, ಒಂದೆಲಗದ ತಂಬುಳಿ, ಆಲೆಮನೆಯಿಂದ ಬಂದ ಬಿಸಿ ಬೆಲ್ಲ.

ಈಗ ಅವಳ ಅಮ್ಮನ ವಿಷಯ. ಇದನ್ನು ಹೇಳದಿದ್ದರೆ ನಾನು ಇಲ್ಲಿ ಬಂದದ್ದೇ ದಂಡ.

ತಿಂಗಳಿಗೊಮ್ಮೆ ಭಾನುವಾರ ಅವಳು ಬರುತ್ತಿದ್ದಳು. ಅಂಕೋಲೆಯಿಂದ ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ನಮ್ಮ ಮನೆ. ಬಂದವಳು ಜಗಲಿಯ ಕೆಳಗೇ ನಿಲ್ಲುತ್ತಿದ್ದಳು. ಮೊದಲ ಸಲ ಮಗುವನ್ನು ಮುಟ್ಟಲೂ ಇಲ್ಲ. ಸಿರಿಂಜು ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡಳು. ‘ಬೇಡ ಅಕ್ಕ, ನಂಗೆ ಹೆದ್ರಿಕೆ. ನಾ ಮುಟ್ಟಿದ್ರೆ ಹಾಳಾಗ್ತದೆ’ ಅಂದಳು. ಎಷ್ಟು ಜನ ಎಷ್ಟು ಸಲ ಬೈದಿದ್ದರೋ ಏನೋ. ತನ್ನ ಕೈಯೇ ಕೆಟ್ಟದ್ದು ಅಂತ ನಂಬಿಬಿಟ್ಟಿದ್ದಳು.

ಸತ್ಯ ಹೇಳುತ್ತೇನೆ. ಮೊದಮೊದಲು ನನಗೆ ಅವಳು ಬರುವುದು ಇಷ್ಟವಿರಲಿಲ್ಲ. ಅವಳು ಹೋದ ಮೇಲೆ ಕೂಸು ಎರಡು ದಿನ ಮಂಕಾಗಿರುತ್ತಿತ್ತು. ನನ್ನ ಮಗು ಅನ್ನುವ ಭಾವನೆ ನನ್ನೊಳಗೆ ಬೆಳೆದಿತ್ತು. ತಿಂಗಳಿಗೊಮ್ಮೆ ಮನೆ ನೋಡಲು ಬರುತ್ತಿದ್ದ ಸಮಾಜ ಕಾರ್ಯಕರ್ತೆ ಅದನ್ನು ಕಂಡುಹಿಡಿದಳು. ವಯಸ್ಸಿನಲ್ಲಿ ನನ್ನ ಮಗಳಷ್ಟು. ‘ಅಮ್ಮಾ, ಕೂಸು ಯಾರಿಗೆ ಏನಂತ ಕರೀಬೇಕು ಅಂತ ನೀವೇ ಹೇಳಿಕೊಡಿ’ ಅಂದಳು. ಅಷ್ಟೇ ಅಂದದ್ದು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಕೂಸಿನ ಹತ್ತಿರ ಕೂತು ಹೇಳಿದೆ. ‘ನಾನು ಆಯಿ. ಅವಳು ಅಮ್ಮ. ಅಮ್ಮ ಭಾನುವಾರ ಬರ್ತಾಳೆ.’ ಕಣ್ಣು ಮೇಲೆ ಹೋಯಿತು. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಮುಂದಿನ ಸಲ ಅಮ್ಮ ಬಂದಾಗ ಒಳಗೆ ಕರೆದು ಕೂಸಿನ ಪಕ್ಕ ಕೂರಿಸಿದೆ. ಸಿರಿಂಜು ನಾನೇ ಹಿಡಿದೆ. ಆಹಾರ ಹೊಯ್ಯುವ ಲೋಟ ಅವಳ ಕೈಗೆ. ಅದರ ಮುಂದಿನ ತಿಂಗಳು ಸಿರಿಂಜು ಅವಳು, ಲೋಟ ನಾನು. ಐದನೇ ತಿಂಗಳು ಎರಡೂ ಅವಳೇ. ನಾನು ಬಾಗಿಲಿಗೆ ಒರಗಿ ನಿಂತೆ. ನಡುವೆ ಬಾಯಿ ಹಾಕಬಾರದು ಅಂತ ಸೆರಗು ಕಚ್ಚಿ ಹಿಡಿದಿದ್ದೆ. ಅವಳು ಲೋಟದ ತಳ ಮುಟ್ಟಿ ನೋಡಿದಳು. ‘ಅಕ್ಕ, ಇದು ತಣ್ಣಗಾಗಿದೆ. ಸ್ವಲ್ಪ ಬೆಚ್ಚಗೆ ಮಾಡಿ ತರ್ತೀರಾ?’ ಅಂದಳು.

ಆ ಲೋಟ ಹಿಡಿದು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಜೀವನದಲ್ಲಿ ಯಾರಾದರೂ ನನ್ನ ತಪ್ಪು ಹಿಡಿದಾಗ ಅಷ್ಟು ಸಂತೋಷವಾದದ್ದು ಅದೊಂದೇ ಸಲ.

22 ತಿಂಗಳು ಕೂಸು ನಮ್ಮಲ್ಲಿ ಇತ್ತು. ಅಷ್ಟರಲ್ಲಿ ಅವಳ ಅಮ್ಮನಿಗೆ ಮನೆಯ ಹತ್ತಿರವೇ ಹೊತ್ತು ಗೊತ್ತಿರುವ ಕೆಲಸ ಸಿಕ್ಕಿತು. ಮಗುವಿನ ಅಂಗವೈಕಲ್ಯ ಕಾರ್ಡು, ಪಿಂಚಣಿ ಆಯಿತು. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಒಂದು ಲಕ್ಷದವರೆಗಿನ ನಿರಾಮಯ ವಿಮೆ ಇದೆ, ಅದನ್ನೂ ಮಾಡಿಸಿದೆವು. ಹೊರಡುವಾಗ ಕೂಸಿನ ತೂಕ 16 ಕೆಜಿ. ಅಮ್ಮನಿಗೆ ಎತ್ತಿಕೊಳ್ಳಲು ಕಷ್ಟವಾಯಿತು. ‘ಎಷ್ಟು ಭಾರ ಆಗಿದ್ದೀಯೇ!’ ಅಂತ ನಗುತ್ತಾ ಎತ್ತಿದಳು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆಲ್ಲ ಗೊತ್ತು. ಹೆದ್ದಾರಿ ಬಂದ್. ಆ ಅಮ್ಮ ಇದ್ದದ್ದು ಗುಡ್ಡದ ಆಚೆ. ಫಿಟ್ಸಿನ ಸಿರಪ್ ಅವಳು ತರುತ್ತಿದ್ದದ್ದು ಕುಮಟಾದಿಂದ. ಬಾಟಲಿಯಲ್ಲಿ ಮೂರು ದಿನದ್ದು ಉಳಿದಿತ್ತು. ಆ ಔಷಧಿ ಏಕಾಏಕಿ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಮರಳುತ್ತದೆ. ಅವಳು ಫೋನ್ ಮಾಡಿದಳು. ಇವರು ಶಿರಸಿಯಲ್ಲಿ ಎರಡು ಬಾಟಲಿ ಕೊಂಡು, ಹಳೆಯ ಸಂಗಾತಿಗಳಿಗೆ ಫೋನ್ ಮಾಡಿದರು. ಶಿರಸಿಯಿಂದ ಯಲ್ಲಾಪುರಕ್ಕೆ ಒಬ್ಬ ಡ್ರೈವರ್ ಕೈಯಲ್ಲಿ, ಅಲ್ಲಿಂದ ಅಂಕೋಲೆಗೆ ಇನ್ನೊಬ್ಬ ಕಂಡಕ್ಟರ್ ಕೈಯಲ್ಲಿ. ಮರುದಿನ ಸಂಜೆ ಬಾಟಲಿ ಅಮ್ಮನ ಕೈ ಸೇರಿತು. ಆ ಕಂಡಕ್ಟರು ಕೂಸನ್ನು ನೋಡಿದವರೇ ಅಲ್ಲ. ಆದರೂ ಆಮೇಲೆ ಎಷ್ಟೋ ಸಲ ‘ಮಗು ಹೇಗಿದೆ?’ ಎಂದು ಕೇಳಿದ್ದಾರೆ.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ರಾತ್ರಿ ಹತ್ತೂವರೆಗೆ ಅವಳ ಫೋನ್ ಬಂತು. ಆ ಹೊತ್ತಿನ ಫೋನ್ ಅಂದರೆ ಎದೆ ಝಲ್ ಅನ್ನುತ್ತದೆ. ‘ಅಕ್ಕ, ಮಗ್ಗುಲು ಬದಲಿಸುವಾಗ ಟ್ಯೂಬು ಹೊರಗೆ ಬಂತು’ ಅಂದಳು. ಹೊಟ್ಟೆಯ ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲು ಶುರುವಾಗುತ್ತದೆ. ನಾನು ಚಪ್ಪಲಿ ಹುಡುಕುತ್ತಿದ್ದೆ. ಅವಳು ಮುಂದುವರಿಸಿದಳು. ‘ಆಸ್ಪತ್ರೆಯಲ್ಲಿ ಕಲಿಸಿದ್ರಲ್ಲ, ಹಾಗೇ ಬೇರೆ ಟ್ಯೂಬು ಹಾಕಿದೆ. ಬೆಳಿಗ್ಗೆ ಡಾಕ್ಟರಿಗೆ ತೋರಿಸಿಯೇ ಊಟ ಕೊಡ್ತೆ. ಮಲಗಿದ್ದಾಳೆ. ಸುಮ್ನೆ ನಿಮಗೆ ಹೇಳೋಣ ಅಂತ ಮಾಡ್ದೆ.’

ಸುಮ್ನೆ ಹೇಳೋಣ ಅಂತ ಮಾಡಿದ್ದಳು. ತಾನು ಮುಟ್ಟಿದರೆ ಹಾಳಾಗುತ್ತದೆ ಅಂದಿದ್ದವಳು.

ಮಾಣಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಅವನು ಈಗಲೂ ನಮ್ಮ ಮನೆಯಲ್ಲೇ ಇದ್ದಾನೆ. 2023ರ ಕೊನೆಗೆ ಬಂದ, ಆಗ ಎಂಟು ವರ್ಷ. ಸ್ಪೈನಾ ಬೈಫಿಡಾ. ಗರ್ಭದ ಮೊದಲ ವಾರಗಳಲ್ಲೇ ಬೆನ್ನುಹುರಿಯ ಸುತ್ತಲಿನ ಭಾಗ ಸರಿಯಾಗಿ ಮುಚ್ಚಿಕೊಳ್ಳದೆ ಉಳಿಯುವುದು. ಇಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತುಂಬಾ ಇದ್ದೀರಿ. ಬಸುರಿಯಾಗುವ ಮೊದಲಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಂಡರೆ ಇಂಥ ತೊಂದರೆ ಬಹಳಷ್ಟು ತಪ್ಪುತ್ತದೆ. ಡಾಕ್ಟರನ್ನು ಕೇಳಿ.

ಮಾಣಿಗೆ ಸೊಂಟದ ಕೆಳಗೆ ಸ್ಪರ್ಶ ಕಡಿಮೆ. ಮೂತ್ರ ತಾನಾಗಿ ಪೂರ್ತಿ ಖಾಲಿಯಾಗುವುದಿಲ್ಲ. ಉಳಿದರೆ ಕಿಡ್ನಿಗೆ ಪೆಟ್ಟು. ಹಾಗಾಗಿ ಮೂರು ನಾಲ್ಕು ಗಂಟೆಗೊಮ್ಮೆ ಸಪೂರದ ನಳಿಕೆ ಹಾಕಿ ತೆಗೆಯಬೇಕು. ಮೊದಲು ಇವರು ಮಾಡುತ್ತಿದ್ದರು. ಶಾಲೆಯ ಪ್ರಶ್ನೆ ಬಂತು. ಒಂದು ಶಾಲೆ ‘ನಮ್ಮಲ್ಲಿ ಆಗಲ್ಲ’ ಎಂದು ಬಾಗಿಲಿನಲ್ಲೇ ಹೇಳಿ ಕಳಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇವನಿಗೆ ನೆರೆಯ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕು ಕೊಟ್ಟಿದೆ. ಅದನ್ನು ಹೇಳಿದರೂ ಕೇಳಲಿಲ್ಲ. ಇನ್ನೊಂದು ಶಾಲೆಯ ಹೆಡ್‌ಮೇಡಂ ಕಾಯ್ದೆ ಗೀಯ್ದೆ ಕೇಳಲೇ ಇಲ್ಲ. ‘ಅವನಿಗೆ ಏನು ಬೇಕು?’ ಎಂದರು. ಒಂದು ಸಣ್ಣ ಕೋಣೆ, ಒಳಗಿಂದ ಚಿಲಕ, ಕೈತೊಳೆಯಲು ನೀರು. ಮೂರೂ ಒಂದು ವಾರದಲ್ಲಿ ಆಯಿತು.

ಇನ್ನೊಂದು ವಿಷಯ. ಈ ತೊಂದರೆ ಇರುವ ಮಕ್ಕಳಿಗೆ ರಬ್ಬರಿನ ಅಲರ್ಜಿ ಬರುವುದು ಹೆಚ್ಚು, ಬಲೂನು ಕೂಡ ಅಪಾಯ. 2024ರ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆ. ಬಿಡ್ಕಿ ಬೈಲಿನ ತುಂಬ ಬಲೂನು! ಅಳುತ್ತಾನೇನೋ ಅಂತ ನನಗೆ ಚಿಂತೆ. ಅವನು ತನ್ನ ಗಾಲಿ ಕುರ್ಚಿಯಲ್ಲಿ ಕೂತು ಬಲೂನು ಮಾರುವವನಿಗೆ ‘ಅಣ್ಣಾ, ಸ್ವಲ್ಪ ಆ ಕಡೆ ಹಿಡಿದುಕೊಳ್ಳಿ, ನಂಗೆ ಅದು ಆಗೂದಿಲ್ಲ’ ಅಂದ. ನಂತರ ನನ್ನ ಕಡೆ ತಿರುಗಿ ಬತ್ತಾಸು ಕೇಳಿದ. ತನ್ನ ಮೈಯ ಬಗ್ಗೆ ಇಷ್ಟು ಸಲೀಸಾಗಿ, ನಾಚಿಕೆಯಿಲ್ಲದೆ ಮಾತಾಡುವುದು ದೊಡ್ಡವರಾದ ನಮಗೇ ಬರುವುದಿಲ್ಲ.

ಕಳೆದ ವರ್ಷ ಒಂದು ದಿನ ಇವರು ಎಂದಿನಂತೆ ನಳಿಕೆ ಹಿಡಿದು ಹೋದರು. ಬಾಗಿಲು ಒಳಗಿಂದ ಹಾಕಿತ್ತು. ‘ಅಪ್ಪಯ್ಯ, ನಾನೇ ಮಾಡ್ಕೊಂಡೆ. ಸೋಪು ಹಚ್ಚಿ ಕೈ ತೊಳ್ದಿದ್ದೆ’ ಅಂತ ಒಳಗಿಂದ ಕೂಗಿದ. ಇವರು ಆ ಬಾಗಿಲ ಹೊರಗೆ ಸುಮಾರು ಹೊತ್ತು ನಿಂತೇ ಇದ್ದರು.

ನಿಮ್ಮಲ್ಲಿ ಕೆಲವರು ಕೇಳಿದಿರಿ, ನಾವೂ ಮಾಡಬಹುದಾ ಅಂತ. ಕಾರವಾರದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ, ಅಲ್ಲಿ ವಿಚಾರಿಸಿ. 2024ರಲ್ಲಿ ಕೇಂದ್ರದ ಮಾರ್ಗಸೂಚಿ ಬದಲಾಗಿದೆ. ಮೊದಲು ದಂಪತಿಗೆ ಮಾತ್ರ ಅವಕಾಶ ಇತ್ತು. ಈಗ ಮದುವೆಯಾಗದವರು, ಗಂಡ ತೀರಿಹೋದವರು, ವಿಚ್ಛೇದನ ಆದವರು, 35ರಿಂದ 60 ವರ್ಷದೊಳಗಿದ್ದರೆ ಅವರೂ ಮುಂದೆ ಬರಬಹುದು. ಹೆಂಗಸರು ಗಂಡು ಹೆಣ್ಣು ಯಾವ ಮಗುವನ್ನಾದರೂ ಸಾಕಬಹುದು, ಒಂಟಿ ಗಂಡಸರಿಗೆ ಗಂಡು ಮಗು ಮಾತ್ರ. ಎರಡು ವರ್ಷ ಸಾಕಿದ ಮೇಲೆ, ಆ ಮಗು ದತ್ತಿಗೆ ಅರ್ಹವಾಗಿದ್ದರೆ, ದತ್ತು ಕೇಳಲೂ ದಾರಿ ಇದೆ. ಮಾಣಿಯ ವಿಷಯದಲ್ಲಿ ನಾವು ಈಗ ಅದರ ಬಗ್ಗೆಯೇ ಯೋಚಿಸುತ್ತಿದ್ದೇವೆ. ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಔಷಧಿ, ಹುಬ್ಬಳ್ಳಿಯ ಓಡಾಟ ಎಲ್ಲ ಸೇರಿದರೆ ಅದು ಸಾಲದು, ಮೊದಲೇ ತಿಳಿದಿರಲಿ. ನನ್ನ ಬೇಡಿಕೆ ಎರಡು. ಮಗುವನ್ನು ಒಪ್ಪಿಸುವ ಮೊದಲು ಒಂದು ವಾರವಾದರೂ ಆಸ್ಪತ್ರೆಯಲ್ಲಿ ಕೂರಿಸಿ ಕಲಿಸಬೇಕು. ಜೊತೆಗೆ ತಿಂಗಳಿಗೆ ಎರಡು ದಿನ ಬಂದು ನೋಡಿಕೊಳ್ಳುವ, ತರಬೇತಾದ ಇನ್ನೊಂದು ಕೈ ಬೇಕು. ನಮಗೆ ನನ್ನ ನಾದಿನಿ ಕಲಿತುಕೊಂಡಳು, ಬಚಾವಾದೆವು. ಎಲ್ಲರಿಗೂ ನಾದಿನಿ ಇರುವುದಿಲ್ಲ.

ನೀವೇ ಸಾಕಬೇಕು ಅಂತಿಲ್ಲ. ನಿಮ್ಮ ಊರಲ್ಲಿ ಇಂಥ ಮಗು ಇರುವ ಮನೆ ಇದ್ದರೆ ಹೋಗಿ ಆ ತಾಯಿಯ ಹತ್ತಿರ ಕಲಿಯಿರಿ. ಅವಳು ಎರಡು ಗಂಟೆ ನಿದ್ದೆ ಮಾಡಲಿ. ಕಷ್ಟದಲ್ಲಿರುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹಿಂದಿನ ಸಾಲಿನಲ್ಲಿ ಕೂತ ಅಮ್ಮ ಒಬ್ಬರು ಚೀಟಿ ಕಳಿಸಿದ್ದಾರೆ. ‘ಸಾಕಿ ಬೆಳೆಸಿದ ಮಗು ಹೋಗುವಾಗ ಹೇಗೆ ತಡೆದುಕೊಂಡಿರಿ?’

ತಡೆದುಕೊಳ್ಳಲಿಲ್ಲ ಅಮ್ಮ. ಕೂಸು ಹೋದ ದಿನ ಇವರು ತೋಟಕ್ಕೆ ಹೋದವರು ಕತ್ತಲಾಗುವವರೆಗೆ ಬರಲಿಲ್ಲ. ನಾನು ರಾತ್ರಿ ಎರಡಕ್ಕೆ ಎದ್ದು ಕತ್ತಲಲ್ಲಿ ಸಿರಿಂಜು ಹುಡುಕಿದೆ. ಮರುದಿನ ಐದಕ್ಕೆ ಬಸ್ಸು ಬಂತು, ಎರಡು ಹಾರ್ನ್ ಹೊಡೆಯಿತು. ಕೂಸು ಹೋಗಿದೆ ಎಂದು ಆ ಡ್ರೈವರಿಗೆ ಹೇಳಿರಲಿಲ್ಲ. ಆಮೇಲೂ ಹೇಳಲು ನಮಗೆ ಮನಸ್ಸು ಬರಲಿಲ್ಲ. ಯಾರೋ ಹೇಳಿರಬೇಕು. ಆದರೂ ಅವರು ಹಾರ್ನ್ ನಿಲ್ಲಿಸಲಿಲ್ಲ. ಐದಾರು ತಿಂಗಳು ಖಾಲಿ ದಣಪೆಗೆ ದಿನಾ ಎರಡು ಹಾರ್ನ್ ಹೊಡೆದು ಹೋದರು.

ಈಗ ಮಾಣಿ ಕುರ್ಚಿ ತಳ್ಳಿಕೊಂಡು ದಣಪೆಯ ಹತ್ತಿರ ಹೋಗಿ ಕೈ ಬೀಸುತ್ತಾನೆ. ಕೂಸು ಅಮ್ಮನ ಜೊತೆ ವರ್ಷಕ್ಕೆ ಎರಡು ಸಲ ಬರುತ್ತದೆ. ಬಂದಾಗ ಅವನೇ ಅವಳಿಗೆ ಹೇಳುತ್ತಾನೆ, ‘ತಡಿ, ಇನ್ನೂ ಐದಾಗಲಿಲ್ಲ.’ ಅವಳ ಕಣ್ಣು ಮೇಲೆ ಹೋಗುತ್ತದೆ.